ದ್ರಾಕ್ಷಿ ತೋಟಗಳಲ್ಲಿ ಒಂದು ದಿನ



ಕಳೆದ ಫೆಬ್ರವರಿಯಲ್ಲಿ ನಮ್ಮ ಧರ್ಮಕೇಂದ್ರದ ಹದಿನೆಂಟು ಮಂದಿ ಬೇಸಾಯಗಾರರೊಡನೆ ನಾವು ಸೊಲ್ಲಾಪುರ ಜಿಲ್ಲೆಯ ದ್ರಾಕ್ಷಿ ತೋಟಗಳನ್ನೂ ಒಂದು ವೈನ್ ಕಾರ್ಖಾನೆಯನ್ನೂ ನೋಡಿಬಂದೆವು. ಜೋಳ, ತೊಗರಿ ಬಿಟ್ಟು ವೈನ್ ದ್ರಾಕ್ಷಿ ಹಾಕಿದರೆ ಕಂಪನಿಯವರೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಾರೆಂಬ ಮಾತು ನಮ್ಮ ಊರುಗಳಲ್ಲಿ ಹಬ್ಬಿದೆ. ಎರಡು ಕುಟುಂಬದವರು ಸಾಲದ ಅರ್ಜಿಯನ್ನೂ ತಂದಿಟ್ಟುಕೊಂಡಿದ್ದರು. ಸಹಿ ಮಾಡುವ ಮುನ್ನ ಕಣ್ಣಾರೆ ನೋಡಲಿ ಎಂದೇ ಈ ಪ್ರವಾಸ.

ಬೆಳಗಿನ ಪೂಜೆ ಮುಗಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಮೊದಲು ಹೋದದ್ದು ಬಾರ್ಶಿ ರಸ್ತೆಯ ನಾನ್ನಜಕ್ಕೆ. ಮಾಳಢೋಕ ಹಕ್ಕಿಯ ಅಭಯಾರಣ್ಯದಿಂದ ಹೆಸರಾದ ಈ ಊರು ದ್ರಾಕ್ಷಿ ಬೆಳೆಗಾರರಿಗೂ ಯಾತ್ರಾಸ್ಥಳವೇ ಸರಿ. ಉದ್ದ ಕಾಯಿಯ ‘ಸೋನಾಕಾ’, ಕಪ್ಪು ‘ಶರದ್ ಸೀಡ್‌ಲೆಸ್’ ಎಂಬ ಎರಡು ತಳಿಗಳನ್ನು ನಾಡಿಗೆ ಕೊಟ್ಟವರು ಇಲ್ಲಿಯ ರೈತ ನಾನಾಸಾಹೇಬ ಕಾಳೆಯವರು. ಸೋನಾಕಾ ಬಂದದ್ದು ಥಾಮ್ಸನ್ ಸೀಡ್‌ಲೆಸ್‌ನಿಂದ, ಶರದ್ ಬಂದದ್ದು ಕಿಶ್ಮಿಶ್ ಚೋರ್ನಿಯಿಂದ. ಬಳ್ಳಿಯಲ್ಲಿ ತಾನಾಗಿ ಆದ ವ್ಯತ್ಯಾಸವನ್ನು ಗುರುತಿಸಿ, ಅದನ್ನೇ ಬೇರೆಯಾಗಿ ಬೆಳೆಸಿದ್ದರಿಂದ ಇವು ಉಳಿದವು. ದಿನವೂ ತೋಟದಲ್ಲಿ ತಿರುಗುವವನಿಗಲ್ಲದೆ ಇಂಥದು ಕಣ್ಣಿಗೆ ಬೀಳುವುದಿಲ್ಲ.

ಅಲ್ಲಿಂದ ಮೊಹೋಳ, ಪಂಢರಪುರ ದಾಟಿ ಅಕಲೂಜಿನ ಕಡೆಗೆ. ಇಟಲಿಯ ಇಬ್ಬರು, ದೆಹಲಿಯ ಇಬ್ಬರು, ಅಕಲೂಜಿನ ಇಬ್ಬರು, ಹೀಗೆ ಮೂರು ಜೋಡಿ ಅಣ್ಣತಮ್ಮಂದಿರು ಸೇರಿ 2007ರ ಸುಮಾರಿಗೆ ಇಲ್ಲಿ ಕಟ್ಟಿದ ಸಂಸ್ಥೆಯೇ ‘ಫ್ರಾತೆಲ್ಲಿ’. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಸಹೋದರರು. ಸಾಂಜೊವೇಸೆಯಂಥ ಇಟಲಿಯ ದ್ರಾಕ್ಷಿ ನಮ್ಮ ಬಿಸಿಲಿನಲ್ಲಿ ತೂಗುವುದನ್ನು ಕಂಡು ಎಲ್ಲರಿಗೂ ಬೆರಗು. ಆದರೆ ವೈನ್ ದ್ರಾಕ್ಷಿ ಬಾಯಿಗೆ ಹಾಕಿದವರ ಮುಖ ನೋಡಬೇಕಿತ್ತು! ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನಿಗೆ ಸಿಪ್ಪೆ ಸಮೇತ ಹುದುಗಿಸುತ್ತಾರೆ, ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದಲೇ. ಬಿಳಿಗೆ ಮೊದಲೇ ರಸ ಹಿಂಡಿಬಿಡುತ್ತಾರೆ.

ವೈನ್ ಮಾಡುವ ಕಡೆ ತಿಳಿದಿರಬೇಕಾದ ಅಪಾಯ ಒಂದಿದೆ. ರಸ ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹೊರಬಂದು ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ತೊಳೆಯಲು ಇಳಿದವನು ಅಲ್ಲೇ ಕುಸಿಯಬಹುದು. ನಮ್ಮ ಹಿರಿಯರು ಜೋಳದ ಹಗೇವಿನ ಬಾಯಿ ತೆಗೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿದ ಮೇಲೆಯೇ ಮನುಷ್ಯನನ್ನು ಇಳಿಸುತ್ತಿದ್ದರಲ್ಲ, ಅದೇ ಗಾಳಿ ಇದು.

ಇನ್ನು ಲೆಕ್ಕದ ಮಾತು. ತಿನ್ನುವ ದ್ರಾಕ್ಷಿಗೆ ವ್ಯಾಪಾರಿ ಬರದಿದ್ದರೆ ಒಣಗಿಸಿ ಬೇದಾಣೆ ಮಾಡಬಹುದು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ತಾಸಗಾಂವ, ಸಾಂಗ್ಲಿ ಪೇಟೆಗಳಿವೆ, ದರ ಏರುವ ತನಕ ಶೀತಲಗೃಹದಲ್ಲಿ ಇಡಬಹುದು. ಬೀಜದ ವೈನ್ ದ್ರಾಕ್ಷಿಗೆ ಈ ಯಾವ ದಾರಿಯೂ ಇಲ್ಲ. ಕಾರ್ಖಾನೆಯೊಂದೇ ಗಿರಾಕಿ. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ವೈನ್ ಉದ್ಯಮಕ್ಕೆ ಪ್ರೋತ್ಸಾಹದ ನೀತಿ ತಂದ ಮೇಲೆ ನಾಸಿಕದ ಕಡೆ ಬಹಳ ಮಂದಿ ಈ ಬೆಳೆ ಹಾಕಿದರು. 2008ರ ಆರ್ಥಿಕ ಹಿಂಜರಿತದ ನಂತರ ಮಾಲು ಕೇಳುವವರಿಲ್ಲದೆ ಹಲವರು ಬಳ್ಳಿಯನ್ನೇ ಕಿತ್ತು ಹಾಕಿದರು. ಆದ್ದರಿಂದ ಬರಹದಲ್ಲಿ ಕರಾರು, ಕರಾರಿನಲ್ಲಿ ದರ ಮತ್ತು ಎಷ್ಟು ವರ್ಷ ಎಂಬುದು ಇಲ್ಲದೆ ಯಾರೂ ಒಂದು ಗುಂಟೆಯನ್ನೂ ಹಾಕಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅರ್ಜಿ ತಂದಿದ್ದ ಒಬ್ಬರು ಬಸ್ಸಿನಲ್ಲೇ ಬೇದಾಣೆಯ ಲೆಕ್ಕ ಹಾಕತೊಡಗಿದರು. ಇನ್ನೊಬ್ಬರು ಬೇಸಿಗೆಯಲ್ಲಿ ಬೋರಿನ ನೀರು ಎಷ್ಟು ನಿಲ್ಲುತ್ತದೆಂದು ನೋಡಿ ಹೇಳುತ್ತೇನೆ ಎಂದಿದ್ದಾರೆ.

“ಫಾದರ್, ವೈನ್ ಆರೋಗ್ಯಕ್ಕೆ ಒಳ್ಳೆಯದಂತಲ್ಲ?” ಎಂದು ಕೇಳಿದವರಿದ್ದರು. ಸಂತ ಪೌಲರು ತಿಮೊಥೇಯನಿಗೆ ಹೇಳಿದ್ದನ್ನು ನೆನಪಿಸಿದವರೂ ಇದ್ದರು (ಈ ಒಂದು ವಾಕ್ಯ ಮಾತ್ರ ನಮ್ಮ ಜನರಿಗೆ ಬಾಯಿಪಾಠ!). ಬಲಿಪೂಜೆಗೆ ಬೇಕಾದದ್ದು ದ್ರಾಕ್ಷಿಯಿಂದಲೇ ಆದ, ಕೆಡದ ಶುದ್ಧ ರಸ. ಅದು ಬೇರೆ ವಿಷಯ. ಮದ್ಯಕ್ಕೆ ಇಷ್ಟರವರೆಗೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಆದರೆ ನಾವು ಮುಖ್ಯವಾಗಿ ಹೇಳಬೇಕಾದದ್ದು ಹಿಂದಿರುಗುವಾಗ ಪಂಢರಪುರ ತಾಲೂಕಿನ ಒಂದು ಸಣ್ಣ ತೋಟದಲ್ಲಿ ತಿಳಿದ ಸಂಗತಿ. ಶೆಡ್ಡಿನಲ್ಲಿ ಖಾಲಿ ಔಷಧಿ ಡಬ್ಬಿ ಬಿದ್ದಿತ್ತು. ಅಕ್ಟೋಬರ್ ಚಾಟಣಿಯ ಬೆನ್ನಿಗೇ ಕಡ್ಡಿಯ ಕಣ್ಣುಗಳಿಗೆ ಹಚ್ಚುವ ‘ಪೇಸ್ಟ್’ ಅದು, ಹೈಡ್ರೋಜನ್ ಸಯನಮೈಡ್. ನಮ್ಮ ಕಡೆ ಚಳಿ ಸಾಲದು, ಕಣ್ಣು ಒಟ್ಟಿಗೆ ಒಡೆಯುವುದಿಲ್ಲ, ಅದಕ್ಕಾಗಿ ಇದು. ಹಚ್ಚಿದ ಗುರುತು ಸಿಗಲೆಂದು ಬಣ್ಣ ಬೆರೆಸುತ್ತಾರೆ. ಕೂಲಿ ಹೆಣ್ಣುಮಕ್ಕಳ ಕೈ ವಾರಗಟ್ಟಲೆ ಕೆಂಪಾಗಿರುತ್ತದೆಂದು ಅಲ್ಲಿಯ ಮೇಸ್ತ್ರಿ ಹೇಳಿದ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ದಿನವಿಡೀ ಪೇಸ್ಟ್ ಹಚ್ಚಿ, ಸಂಜೆ ಕುಡಿದು, ಮುಖ ಕೆಂಡದಂತಾಗಿ, ಎದೆ ಬಡಿದುಕೊಂಡು ಬಿದ್ದನಂತೆ. ದೃಷ್ಟಿಯಾಗಿದೆ ಎಂದು ಮೊದಲು ನಿವಾಳಿಸಿದರಂತೆ!

ದೃಷ್ಟಿಯಲ್ಲ, ಬಂಧುಗಳೇ. ಕುಡಿದ ಮದ್ಯವನ್ನು ದೇಹ ಕರಗಿಸುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟಿ ಬೇಗ ಕರಗಿಹೋಗುತ್ತದೆ. ಈ ಔಷಧಿ ಅದನ್ನು ಕರಗಲು ಬಿಡುವುದಿಲ್ಲ. ತಲೆನೋವು, ವಾಂತಿ, ಉಸಿರುಕಟ್ಟು, ರಕ್ತದೊತ್ತಡ ಇಳಿಯುವುದು, ಕೆಲವೊಮ್ಮೆ ಪ್ರಾಣಾಪಾಯ. ಕುಡಿತ ಬಿಡಿಸಲು ಕೆಲವು ದೇಶಗಳಲ್ಲಿ ಕೊಡುತ್ತಿದ್ದ ಮಾತ್ರೆಯೂ ಇದರ ಬಂಧುವೇ, ಕ್ಯಾಲ್ಸಿಯಂ ಸಯನಮೈಡ್. ಇಟಲಿಯಲ್ಲಿ 2000ರ ದಶಕದ ಆರಂಭದಲ್ಲಿ ಹಲವು ರೈತರು ಹೀಗೆ ಅಸ್ವಸ್ಥರಾದರು. ಐರೋಪ್ಯ ಒಕ್ಕೂಟ 2008ರಲ್ಲಿ ಇದಕ್ಕೆ ಅನುಮತಿ ನಿರಾಕರಿಸಿತು.

ನಮ್ಮಲ್ಲಿ ಕೆಲವರು ಪ್ರತಿವರ್ಷ ಜತ್ತ, ತಾಸಗಾಂವದ ಕಡೆ ಚಾಟಣಿ ಕೂಲಿಗೆ ಹೋಗುತ್ತೀರಿ. ಹಚ್ಚುವ ಹಿಂದಿನ ದಿನದಿಂದ ಹಚ್ಚಿದ ಮೇಲೆ ಒಂದು ವಾರದ ತನಕ ಒಂದು ಗುಟುಕೂ ಬೇಡ, ಸಾರಾಯಿಯಾಗಲಿ ಬಿಯರ್ ಆಗಲಿ. ಬರಿಗೈಯಲ್ಲಿ ಮುಟ್ಟಬೇಡಿ, ಬಟ್ಟೆಯ ಕೈಚೀಲ ಸಾಲದು, ಅದು ಔಷಧಿಯನ್ನು ಹೀರಿ ಚರ್ಮಕ್ಕೆ ಅಂಟಿಸುತ್ತದೆ, ಉದ್ದನೆಯ ರಬ್ಬರ್ ಕೈಗವಸೇ ಬೇಕು. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಶುದ್ಧ ನೀರು ಬಿಡಿ. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಡನೆ ನೆನೆಸಬೇಡಿ. ಯಾರಾದರೂ ಬಿದ್ದರೆ ಡಬ್ಬಿಯ ಚೀಟಿ ಹಿಡಿದುಕೊಂಡೇ ಆಸ್ಪತ್ರೆಗೆ ಒಯ್ದು, ಕುಡಿದಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ತೋಟದ ಮಾಲೀಕರಿಗೂ ಒಂದು ಮಾತು. ಕೆಲಸ ಬೇಗ ಸಾಗಲೆಂದು ಸಂಜೆ ಗುಂಪಿಗೆ ‘ಕುಡಿಯಲು’ ಎಂದು ಕೊಡುವ ದುಡ್ಡನ್ನು ಪೇಸ್ಟ್ ವಾರದಲ್ಲಿ ಕೊಡಬೇಡಿ. ಅದೇ ದುಡ್ಡಿನಲ್ಲಿ ತಲೆಗೊಂದು ಜೊತೆ ಕೈಗವಸು ಬರುತ್ತದೆ.