ನಿತ್ಯಜೀವನದಲ್ಲಿ ಪಟ್ಟಿಯ ಉಪಯೋಗ



ಕಡುಬಿನ ಕಥೆಯನ್ನು ನಿಮ್ಮಲ್ಲಿ ಬಹುಮಂದಿ ಬಾಲ್ಯದಲ್ಲಿ ಕೇಳಿರಬೇಕು. ಹೊಸ ಅಳಿಯನೊಬ್ಬನು ಅತ್ತೆಯ ಮನೆಗೆ ಹೋದನು. ಅಲ್ಲಿ ಅವನಿಗೆ ಕಡುಬನ್ನು ಬಡಿಸಿದರು. ಅದರ ರುಚಿಗೆ ಮನಸೋತು, ಊರಿಗೆ ಹಿಂದಿರುಗಿದೊಡನೆ ಹೆಂಡತಿಯಿಂದ ಇದನ್ನೇ ಮಾಡಿಸಬೇಕೆಂದು ನಿಶ್ಚಯಿಸಿದನು. ಹೆಸರು ಮರೆತುಹೋಗದಿರಲೆಂದು ದಾರಿಯುದ್ದಕ್ಕೂ "ಕಡುಬು, ಕಡುಬು" ಎಂದು ಜಪಿಸುತ್ತ ನಡೆದನು. ನಡುವೆ ಒಂದು ಕಾಲುವೆ ಅಡ್ಡ ಬಂದಿತು. "ಹುಪ್ಪಾ!" ಎಂದು ಅದನ್ನು ಹಾರಿದನು. ಆಚೆಯ ದಡದಲ್ಲಿ ಕಾಲಿಡುವಷ್ಟರಲ್ಲಿ ಕಡುಬು ಮಾಯವಾಗಿ, ಬಾಯಲ್ಲಿ ಉಳಿದದ್ದು "ಹುಪ್ಪಾ" ಮಾತ್ರ. ಮನೆಗೆ ಬಂದು "ಹುಪ್ಪಾ ಮಾಡು" ಎಂದನು. ಅಂಥ ತಿಂಡಿಯನ್ನು ತಾನು ಕೇಳಿಯೇ ಇಲ್ಲವೆಂದು ಆಕೆ ಹೇಳಲು, ಕೋಪಗೊಂಡು ಹೊಡೆದನು. ಗದ್ದಲಕ್ಕೆ ಓಡಿಬಂದ ನೆರೆಯಾಕೆ "ಅಯ್ಯೋ, ಹುಡುಗಿಯ ಕೆನ್ನೆ ಕಡುಬಿನಂತೆ ಊದಿಹೋಯಿತಲ್ಲಾ!" ಎಂದಾಗ, "ಅದೇ, ಅದೇ, ಕಡುಬು!" ಎಂದು ಅವನು ಕುಣಿದಾಡಿದನಂತೆ.

ನಾವೆಲ್ಲರೂ ನಕ್ಕು ಮರೆತಿರುವ ಈ ಕಥೆಯಲ್ಲಿ ಎರಡು ನಿಜಸಂಗತಿಗಳು ಅಡಗಿವೆ. ಮನುಷ್ಯನ ನೆನಪು ಒಂದು ಕಾಲುವೆಯನ್ನು ಹಾರುವಷ್ಟರಲ್ಲಿ ಕೈಬಿಡುವಂಥದು ಎಂಬುದು ಒಂದು. ಮರೆತವನು ಒಬ್ಬನಾದರೆ, ಅದರ ಪೆಟ್ಟು ತಿನ್ನುವವರು ಮತ್ತೊಬ್ಬರು ಎಂಬುದು ಇನ್ನೊಂದು. ಅಂಗಡಿಯ ಸಾಮಾನಿಗಾಗಲಿ, ದಿನದ ಕೆಲಸಕ್ಕಾಗಲಿ ಪಟ್ಟಿಯನ್ನು ಬರೆದಿಟ್ಟುಕೊಳ್ಳುವುದು ಏಕೆ, ಹೇಗೆ ಎಂಬುದನ್ನು ಈ ಎರಡು ಸಂಗತಿಗಳನ್ನು ಮುಂದಿಟ್ಟುಕೊಂಡು ವಿಚಾರಮಾಡೋಣ.

ಮೊದಲನೆಯದಾಗಿ ಮನಸ್ಸಿನ ಸ್ವಭಾವವನ್ನು ನೋಡಿರಿ. ಒಂದು ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಬಿಡಿ ಸಂಗತಿಗಳು ಸುಮಾರು ಏಳು ಎಂದು ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೫೬ರಲ್ಲಿ ಬರೆದರು. ನೆಲ್ಸನ್ ಕೋವನ್ ಎಂಬುವರು ೨೦೦೧ರಲ್ಲಿ ಇದನ್ನು ಪುನಃ ಪರಿಶೀಲಿಸಿ, ಆ ಸಂಖ್ಯೆ ನಾಲ್ಕರ ಆಸುಪಾಸಿನದೆಂದು ವಾದಿಸಿದರು. ಏಳಾಗಲಿ ನಾಲ್ಕಾಗಲಿ, ನಮ್ಮ ಅಡಿಗೆಮನೆಯ ಡಬ್ಬಗಳ ಸಂಖ್ಯೆ ಅದಕ್ಕಿಂತ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ. ಹತ್ತು ಸಾಮಾನುಗಳನ್ನು ಬಾಯಿಪಾಠ ಮಾಡಿಕೊಂಡು ಹೊರಟವನಿಗೆ ದಾರಿಯಲ್ಲಿ ಒಬ್ಬ ಸ್ನೇಹಿತನು ಸಿಕ್ಕಿ ಕುಶಲಪ್ರಶ್ನೆ ಮಾಡಿದರೆ ಸಾಕು, ಅದೇ ಅವನ ಪಾಲಿನ ಕಾಲುವೆ.

ವಿಚಿತ್ರವೆಂದರೆ, ಅಂಗಡಿಯ ಮುಂದೆ ನಿಂತಾಗ ನೆನಪಿಗೆ ಬಾರದ ಇಂಗು, ರಾತ್ರಿ ದೀಪವಾರಿಸಿ ಮಲಗಿದಾಗ ತಾನಾಗಿ ನೆನಪಿಗೆ ಬರುತ್ತದೆ. ಮುಗಿಯದ ಕೆಲಸವು ಮನಸ್ಸಿನ ಬಾಗಿಲನ್ನು ಮತ್ತೆ ಮತ್ತೆ ತಟ್ಟುವುದು ನಮ್ಮೆಲ್ಲರ ಅನುಭವ. ಈ ವಿಷಯವಾಗಿ ಮ್ಯಾಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಇಬ್ಬರು ವಿದ್ವಾಂಸರು ೨೦೧೧ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಅರ್ಧಕ್ಕೆ ನಿಂತ ಕಾರ್ಯದ ಚಿಂತೆಯು ಮುಂದಿರುವ ಬೇರೆ ಕೆಲಸವನ್ನು ಕೆಡಿಸುತ್ತಿತ್ತು. ಆದರೆ ಆ ಕಾರ್ಯವನ್ನು ಎಂದು, ಹೇಗೆ ಮಾಡುವೆವೆಂದು ಸ್ಪಷ್ಟವಾಗಿ ಗೊತ್ತುಮಾಡಿಕೊಂಡ ಮಾತ್ರಕ್ಕೆ, ಕಾರ್ಯವು ಇನ್ನೂ ಆಗದಿದ್ದರೂ, ಆ ಕಾಟ ನಿಂತಿತು. ೨೦೧೮ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದವರು ೫೭ ಮಂದಿ ತರುಣ ತರುಣಿಯರ ನಿದ್ರೆಯನ್ನು ಪರೀಕ್ಷಿಸಿದರು. ಮಲಗುವ ಮುನ್ನ ೫ ನಿಮಿಷ ಕೆಲವರು ಅದುವರೆಗೆ ಮಾಡಿ ಮುಗಿಸಿದ ಕೆಲಸಗಳನ್ನೂ, ಕೆಲವರು ಮುಂದೆ ಮಾಡಬೇಕಾದ ಕೆಲಸಗಳನ್ನೂ ಬರೆದರು. ಮುಂದಿನ ಕೆಲಸಗಳನ್ನು ಬರೆದವರಿಗೆ ಸರಾಸರಿ ಸುಮಾರು ೯ ನಿಮಿಷ ಬೇಗ ನಿದ್ರೆ ಹತ್ತಿತು. ಬರೆದದ್ದು ವಿವರವಾದಷ್ಟೂ ನಿದ್ರೆ ಬೇಗನೆ ಬಂದಿತು. ಇದು ಚಿಕ್ಕ ಪ್ರಯೋಗವೇ ಸರಿ. ಆದರೂ ಕಾಗದದ ಮೇಲೆ ಇಳಿಸಿದ ಹೊರೆ ತಲೆಯಿಂದಲೂ ಇಳಿಯುವುದೆಂಬ ಅನುಭವದ ಮಾತಿಗೆ ಅದು ಸಾಕ್ಷಿಯಾಗಿದೆ.

ಪಟ್ಟಿಯ ಅಭ್ಯಾಸ ನಮಗೆ ಹೊಸದೇನಲ್ಲ. ನಮ್ಮ ನಾಡಿನಲ್ಲಿ ಹಿಂದೆ ವರ್ತಕರೂ ಶಾನುಭೋಗರೂ ಕಡತವನ್ನು ಇಟ್ಟುಕೊಳ್ಳುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಪುಸ್ತಕವದು. ಬಳಪದಿಂದ ಅದರಲ್ಲಿ ಬರೆಯುವರು, ಬೇಡವಾದುದನ್ನು ಅಳಿಸಿ ಮತ್ತೆ ಬರೆಯುವರು. ಇನ್ನು ಮದುವೆಯ ಸಾಮಾನಿನ ಪಟ್ಟಿಯನ್ನು ಬರೆಯುವ ಸಂಭ್ರಮವನ್ನು ಕಾಣದವರಾರು? ಮೇಲೆ ಶ್ರೀಕಾರ, ಅದರ ಕೆಳಗೆ ಮೊದಲು ಅರಿಶಿನ ಕುಂಕುಮ, ಆಮೇಲೆ ಅಕ್ಕಿ, ಬೇಳೆ, ಬೆಲ್ಲ. ಒಬ್ಬರು ಬರೆಯುತ್ತಾರೆ, ನಾಲ್ವರು ಹಿರಿಯರು ಹೇಳುತ್ತಾರೆ, ಐದನೆಯವರು ಬಿಟ್ಟುಹೋದುದನ್ನು ಸೇರಿಸುತ್ತಾರೆ. ಮದುವೆಯಷ್ಟು ದೊಡ್ಡ ಕಾರ್ಯವನ್ನು ಒಬ್ಬರ ತಲೆಯಲ್ಲಿ ಹೊರಿಸಬಾರದೆಂಬ ವಿವೇಕ ನಮ್ಮ ಹಿರಿಯರಿಗಿತ್ತು. ಆದರೆ ದಿನದಿನದ ಸಂಸಾರವನ್ನು ಮಾತ್ರ ನಾವು ಒಬ್ಬರ ತಲೆಯಲ್ಲಿಯೇ ಹೊರಿಸಿರುತ್ತೇವೆ. ಆ ತಲೆ ಸಾಮಾನ್ಯವಾಗಿ ಮನೆಯ ಹೆಂಗಸಿನದು.

ಇದು ನನಗೆ ತಿಳಿದುದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಕಾಯಿಲೆಯಿಂದ ಹತ್ತು ದಿವಸ ಆಸ್ಪತ್ರೆಯಲ್ಲಿರಬೇಕಾಯಿತು. ಮನೆಯಲ್ಲಿ ಉಳಿದವರು ತಂದೆ, ನಾನು, ನನ್ನ ಪತ್ನಿ, ತಮ್ಮ. ನಾಲ್ವರೂ ಪದವೀಧರರು. ಹಾಲಿನವನ ಬಾಕಿ ಎಷ್ಟು, ಅಡಿಗೆ ಅನಿಲದ ಸಿಲಿಂಡರನ್ನು ಎಂದು ಬರೆಸಬೇಕು, ಅಕ್ಕಿ ಯಾವ ಅಂಗಡಿಯದು, ಇವು ಒಂದೂ ನಮಗೆ ತಿಳಿಯವು. ಇವೆಲ್ಲ ನಗುವ ಮಾತಾಯಿತು. ಆದರೆ ಐದನೆಯ ದಿನ ತಂದೆಯವರಿಗೆ ತಲೆ ಸುತ್ತಿ ಬಂದು ಕುಳಿತುಬಿಟ್ಟರು. ವಿಚಾರಿಸಿದರೆ, ರಕ್ತದ ಒತ್ತಡದ ಮಾತ್ರೆ ತೀರಿ ಎರಡು ದಿನವಾಗಿತ್ತು. ಮೂವತ್ತು ದಿನಕ್ಕೊಮ್ಮೆ ಅದನ್ನು ತರಿಸುತ್ತಿದ್ದವರು ಅಮ್ಮ. ಅದು ತೀರುವುದೆಂಬುದೇ ತಂದೆಯವರಿಗೆ ಗೊತ್ತಿರಲಿಲ್ಲ. ಮಾತ್ರೆ ಕಾಣದಿದ್ದಾಗ ಯಾರನ್ನು ಕೇಳಬೇಕೆಂದೂ ಅವರಿಗೆ ತೋಚಲಿಲ್ಲ. ವೈದ್ಯರು ಬಂದು ನೋಡಿ, ಅಪಾಯವಿಲ್ಲವೆಂದರು. ಕಾಲೇಜಿನಲ್ಲಿ ನೂರು ವಿದ್ಯಾರ್ಥಿಗಳ ಹಾಜರಿಯನ್ನು ತಪ್ಪದೆ ಬರೆಯುವ ನಾನು ಮನೆಯೊಳಗಿನ ಒಂದು ಮಾತ್ರೆಯ ಲೆಕ್ಕವನ್ನು ಬರೆದಿಡಲಿಲ್ಲವಲ್ಲ ಎಂದು ಆ ರಾತ್ರಿ ಬಹಳ ಹೊತ್ತು ಎಚ್ಚರವಾಗಿದ್ದೆನು.

ಅಮ್ಮ ಮನೆಗೆ ಬಂದಮೇಲೆ, ಹಾಸಿಗೆಯ ಪಕ್ಕದಲ್ಲಿ ಕುಳಿತು, ಅವರು ಹೇಳಿದುದನ್ನೆಲ್ಲ ಬರೆದುಕೊಂಡೆನು. ಮೂರು ಸಂಜೆ ಬೇಕಾಯಿತು, ಎಂಟು ಪುಟವಾಯಿತು. ಓದಿ ಹೇಳಿದಾಗ ಅವರಿಗೇ ಆಶ್ಚರ್ಯ. "ಇಷ್ಟನ್ನೂ ನಾನು ತಲೆಯಲ್ಲಿಟ್ಟುಕೊಂಡಿದ್ದೆನೇನೋ?" ಎಂದರು.

ಆದುದರಿಂದ ಪಟ್ಟಿಯು ಮರೆಗುಳಿಯ ಊರುಗೋಲೆಂದು ತಿಳಿಯಬಾರದು. ನೆನಪಿನ ಭಾರವನ್ನು ಒಬ್ಬರ ತಲೆಯಿಂದ ಇಳಿಸಿ ಹಲವರ ಕಣ್ಣ ಮುಂದೆ ಇಡುವ ಉಪಾಯವದು. ಆದರೆ ಎಲ್ಲ ಪಟ್ಟಿಯೂ ಒಳ್ಳೆಯ ಪಟ್ಟಿಯಲ್ಲ. ಅದನ್ನು ಬರೆಯುವುದರಲ್ಲಿಯೂ ಒಂದು ಕ್ರಮವುಂಟು.

ಅಂಗಡಿಯ ಪಟ್ಟಿಯನ್ನೇ ತೆಗೆದುಕೊಳ್ಳಿರಿ. ಚೀಲ ಹಿಡಿದು ಹೊರಡುವಾಗ ಅವಸರದಲ್ಲಿ ಬರೆದ ಪಟ್ಟಿಯೆಂದರೆ ಅದೂ ಒಂದು ಬಾಯಿಪಾಠವೇ. ಡಬ್ಬದ ತಳ ಕಾಣಿಸಿದ ಕ್ಷಣದಲ್ಲಿ ಬರೆಯಬೇಕು, ಪೂರ್ತಿ ತೀರಿದಮೇಲಲ್ಲ. ಅದಕ್ಕಾಗಿ ಒಂದು ಹಲಗೆಯೋ, ದಾರ ಕಟ್ಟಿದ ಸೀಸದಕಡ್ಡಿಯೊಡನೆ ಒಂದು ಪುಸ್ತಕವೋ ಅಡಿಗೆಮನೆಯಲ್ಲಿಯೇ ಇರಬೇಕು. ಎರಡನೆಯದಾಗಿ, ಬರೆಯುವವರು ಒಬ್ಬರು, ತರುವವರು ಮತ್ತೊಬ್ಬರಾದಾಗ ಪಟ್ಟಿಯು ಒಂದು ಕಾಗದವಿದ್ದಂತೆ; ಓದುವವನಿಗೆ ಅರ್ಥವಾಗಬೇಕು. "ಬೇಳೆ" ಎಂದಷ್ಟೇ ಬರೆದಿದ್ದ ಚೀಟಿಯನ್ನು ಹಿಡಿದು ಹೋಗಿ ನಾನು ಒಮ್ಮೆ ಕಡಲೆಬೇಳೆಯನ್ನು ತಂದೆನು. ಸಾರಿಗೆ ಬೇಕಾಗಿದ್ದುದು ತೊಗರಿಬೇಳೆ. ಯಾವುದು, ಎಷ್ಟು, ಸಾಧ್ಯವಾದರೆ ಏತಕ್ಕೆ, ಎಂಬ ಮೂರನ್ನೂ ಬರೆದರೆ, ಅಂಗಡಿಯಲ್ಲಿ ಆ ವಸ್ತು ಸಿಕ್ಕದಿದ್ದಾಗ ಬದಲು ಯಾವುದನ್ನು ತರಬಹುದೆಂದು ತರುವವನೇ ಯೋಚಿಸಬಲ್ಲನು. ಮೂರನೆಯದಾಗಿ, ನೆನಪಿಗೆ ಬಂದ ಕ್ರಮದಲ್ಲಿ ಬರೆದುದನ್ನು ಹೊರಡುವ ಮುನ್ನ ಅಂಗಡಿಗಳ ಕ್ರಮದಲ್ಲಿ ವಿಂಗಡಿಸಿಕೊಳ್ಳಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಯಂಥ ಕಡೆ ಹೂವು, ಬಾಳೆಹಣ್ಣು, ತರಕಾರಿ ಇವುಗಳ ನಡುವೆ ಮೂರು ಬಾರಿ ಹಿಂದೆ ಮುಂದೆ ತಿರುಗಿದವರಿಗೆ ಈ ಮಾತಿನ ಬೆಲೆ ತಿಳಿದಿರುತ್ತದೆ. ಈ ಕಾಲದಲ್ಲಿ ಮೊಬೈಲಿನಲ್ಲಿಯೇ ಪಟ್ಟಿ ಬರೆದು ಒಬ್ಬರಿಂದೊಬ್ಬರಿಗೆ ಕಳುಹಿಸುವುದುಂಟು. ಅಲ್ಲಿಯೂ ಈ ನಿಯಮಗಳೇ ಸಲ್ಲುತ್ತವೆ.

ಕೆಲಸದ ಪಟ್ಟಿಯ ರೀತಿ ಬೇರೆ. ಸಾಮಾನಿನ ಪಟ್ಟಿಗೆ ಹಣದ ಮಿತಿಯಿರುವಂತೆ ಕೆಲಸದ ಪಟ್ಟಿಗೆ ಹೊತ್ತಿನ ಮಿತಿಯುಂಟು. ಇದನ್ನು ಮರೆತು, ಬೆಳಗ್ಗೆ ಇಪ್ಪತ್ತು ಕೆಲಸಗಳನ್ನು ಬರೆದು, ಸಂಜೆ ಹದಿನೈದನ್ನು ಉಳಿಸಿಕೊಂಡು ಕೊರಗುವವರೇ ಹೆಚ್ಚು. ಎಲ್ಲ ಕೆಲಸಗಳ ದೊಡ್ಡ ಪಟ್ಟಿ ಒಂದಿರಲಿ. ಅದರಿಂದ ಈ ದಿನಕ್ಕೆಂದು ನಾಲ್ಕೈದನ್ನು ಮಾತ್ರ ಬೇರೆ ಬರೆದುಕೊಳ್ಳಿರಿ. "ಶಾಲೆ" ಎಂದು ಬರೆದುಕೊಂಡರೆ ಅದು ಚಿಂತೆಯೇ ಹೊರತು ಕೆಲಸವಲ್ಲ. "ಸೋಮವಾರ ಹತ್ತು ಗಂಟೆಗೆ ಶಾಲೆಗೆ ಹೋಗಿ ಮಗಳ ವರ್ಗಾವಣೆ ಪತ್ರವನ್ನು ಕೇಳುವುದು" ಎಂದರೆ ಅದು ಕೆಲಸ. ಎಂದು, ಎಲ್ಲಿ, ಹೇಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರು ಸಂಕಲ್ಪವನ್ನು ನಡೆಸುವುದು ಹೆಚ್ಚೆಂದು ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ೧೯೯೯ರ ಒಂದು ಲೇಖನದಲ್ಲಿ ವಿವರಿಸಿದ್ದಾರೆ. ಒಂದು ಕೆಲಸವು ದಿನದಿಂದ ದಿನಕ್ಕೆ ಮುಂದೆ ಜಾರುತ್ತಲೇ ಇದ್ದರೆ, ಅದನ್ನು ಒಡೆದು ಚಿಕ್ಕದು ಮಾಡಿರಿ, ಇಲ್ಲವೆ ಮತ್ತೊಬ್ಬರಿಗೆ ಒಪ್ಪಿಸಿರಿ, ಅದೂ ಆಗದಿದ್ದರೆ ಹೊಡೆದುಹಾಕಿರಿ. ಹೊಡೆದುಹಾಕುವ ಧೈರ್ಯವಿಲ್ಲದ ಪಟ್ಟಿ ಬರಿಯ ಸಾಲದ ಪತ್ರ.

"ನಮಗೆಲ್ಲ ಅಭ್ಯಾಸವಾಗಿದೆ, ನಮಗೇಕೆ ಚೀಟಿ?" ಎನ್ನುವವರುಂಟು. ಅವರಿಗೆ ಎರಡು ನಿದರ್ಶನಗಳನ್ನು ಹೇಳುತ್ತೇನೆ. ೧೯೩೫ನೆಯ ಅಕ್ಟೋಬರ್ ೩೦ರಂದು ಅಮೆರಿಕದ ಓಹಾಯೊ ಸಂಸ್ಥಾನದಲ್ಲಿ ಬೋಯಿಂಗ್ ಕಂಪೆನಿಯ ಹೊಸ ಯುದ್ಧವಿಮಾನವೊಂದು ಮೇಲೇರಿದ ಕೂಡಲೆ ಬಿದ್ದು ಉರಿಯಿತು. ಇಬ್ಬರು ಪ್ರಾಣ ಕಳೆದುಕೊಂಡರು. ನಡೆಸುತ್ತಿದ್ದವರು ನುರಿತ ವಿಮಾನಚಾಲಕರು. ನಿಂತ ವಿಮಾನದ ರೆಕ್ಕೆಬಾಲಗಳ ಫಲಕಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವೊಂದನ್ನು ಬಿಚ್ಚದೆ ಹಾರಿದ್ದೇ ಕಾರಣವೆಂದು ವಿಚಾರಣೆಯಲ್ಲಿ ತಿಳಿಯಿತು. ಆಮೇಲೆ ವಿಮಾನಚಾಲಕರು ಮಾಡಿದ ಉಪಾಯವೆಂದರೆ, ಹಾರುವ ಮುನ್ನ ನೋಡಬೇಕಾದುದರ ಒಂದು ಚಿಕ್ಕ ಪಟ್ಟಿ. ಅದೇ ಬಗೆಯ ವಿಮಾನಗಳು ಮುಂದೆ ಸಹಸ್ರಗಟ್ಟಲೆ ಹಾರಿದವು. ಎರಡನೆಯದು ಶಸ್ತ್ರಚಿಕಿತ್ಸೆಯದು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಹೊರತಂದ ೧೯ ಅಂಶಗಳ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಮರಣವು ಶೇಕಡಾ ೧.೫ರಿಂದ ೦.೮ಕ್ಕೆ ಇಳಿಯಿತೆಂದು ೨೦೦೯ರಲ್ಲಿ ವರದಿಯಾಯಿತು. ಆ ಪಟ್ಟಿಯಲ್ಲಿ ವೈದ್ಯರಿಗೆ ತಿಳಿಯದ ವಿದ್ಯೆ ಯಾವುದೂ ಇರಲಿಲ್ಲ. ರೋಗಿಯ ಹೆಸರೇನು, ಕೊಯ್ಯಬೇಕಾದ ಸ್ಥಳ ಯಾವುದು, ಇಂಥ ಪ್ರಶ್ನೆಗಳನ್ನು ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಓದುವುದಷ್ಟೆ. ಅಭ್ಯಾಸವು ಹೆಚ್ಚಾದಂತೆ ಕೈ ತಾನಾಗಿ ನಡೆಯುತ್ತದೆ. ಕೈ ತಾನಾಗಿ ನಡೆಯುವಲ್ಲಿಯೇ ಒಂದು ಮೆಟ್ಟಿಲು ಬಿಟ್ಟುಹೋಗುವುದು.

ಆದರೂ ಪಟ್ಟಿಯನ್ನು ಒಡೆಯನನ್ನಾಗಿ ಮಾಡಿಕೊಳ್ಳಬೇಡಿರಿ. ಬರೆದಿಲ್ಲವೆಂದು ಬಾಗಿಲಿಗೆ ಬಂದ ನೆಂಟರನ್ನು ಹಿಂದಕ್ಕೆ ಕಳುಹಿಸುವುದುಂಟೆ? ಮಗುವಿನೊಡನೆ ಆಡುವುದನ್ನೂ ಬರೆದುಕೊಂಡು ಗೆರೆ ಎಳೆಯಬೇಕಾದ ಸ್ಥಿತಿ ನಮಗೆ ಬಾರದಿರಲಿ. ಇಂಥವುಗಳಿಗೆ ಹೊತ್ತು ಉಳಿಯಲೆಂದೇ ಉಳಿದುದನ್ನು ಬರೆಯುವುದು.

ನಮ್ಮ ಮನೆಯ ಆ ಎಂಟು ಪುಟಗಳು ಈಗ ಅಡಿಗೆಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಒಂದು ಪುಸ್ತಕವಾಗಿವೆ. ಪ್ರತಿಯೊಂದು ಕೆಲಸದ ಮುಂದೆಯೂ ಒಬ್ಬರ ಹೆಸರಿದೆ. ಮಾತ್ರೆಯ ಮುಂದೆ ಇರುವುದು ನನ್ನ ತಂದೆಯವರದೇ ಹೆಸರು. ಇಪ್ಪತ್ತೈದನೆಯ ದಿನ ಅವರೇ ಚೀಟಿ ಬರೆದು ನನ್ನ ಕೈಗೆ ಕೊಡುತ್ತಾರೆ. ಅಮ್ಮ ಮಧ್ಯಾಹ್ನ ಒಂದು ಗಂಟೆಯ ಹೊತ್ತು ಯಾವ ಯೋಚನೆಯೂ ಇಲ್ಲದೆ ಮಲಗುತ್ತಾರೆ.

ನಿಮ್ಮ ಮನೆಯ ಪಟ್ಟಿಯನ್ನು ತಲೆಯಲ್ಲಿ ಹೊತ್ತಿರುವವರು ಯಾರೆಂದು ನಿಮಗೆ ಗೊತ್ತೇ ಇದೆ. ಈ ಸಂಜೆ ಒಂದು ಕಾಗದವನ್ನೂ ಲೇಖನಿಯನ್ನೂ ಹಿಡಿದು ಅವರ ಪಕ್ಕದಲ್ಲಿ ಕುಳಿತು, "ಹೇಳಿ, ಬರೆದುಕೊಳ್ಳುತ್ತೇನೆ" ಎನ್ನಿರಿ.