ಲಿವರ್‌ಗೆ ಹಬ್ಬಿದ ಗಡ್ಡೆ ತೆಗೀಬಹುದಾ?

ಕರುಳಿನ ಕ್ಯಾನ್ಸರ್ ಲಿವರ್‌ಗೆ ಹೋಗಿದೆ ಅಂದ ಕೂಡಲೇ ಮನೆಯವರು ಕೈಚೆಲ್ಲಿ ಕೂತುಬಿಡ್ತಾರೆ. ಸ್ವಲ್ಪ ತಾಳಿ.

ದೊಡ್ಡ ಕರುಳಿನ ರಕ್ತ ಪೋರ್ಟಲ್ ರಕ್ತನಾಳದಲ್ಲಿ ನೇರ ಲಿವರ್‌ಗೇ ಹೋಗುತ್ತೆ. ಕ್ಯಾನ್ಸರ್ ಕಣಗಳಿಗೂ ಅದೇ ದಾರಿ.

ತೆಗೀಬಹುದಾ ಅಂತ ನೋಡುವಾಗ, ಗಡ್ಡೆ ಎಷ್ಟಿದೆ ಅನ್ನೋದಕ್ಕಿಂತ, ತೆಗೆದ ಮೇಲೆ ಲಿವರ್ ಎಷ್ಟು ಉಳಿಯುತ್ತೆ ಅಂತ ಸರ್ಜನ್ ಲೆಕ್ಕ ಹಾಕ್ತಾರೆ. ಲಿವರ್ ಚೆನ್ನಾಗಿದ್ರೆ ಸುಮಾರು 20–25% ಸಾಕು. ಕೀಮೋ ಜಾಸ್ತಿ ಆಗಿದ್ರೆ 30% ಆದ್ರೂ ಬೇಕು. ಕಡಿಮೆ ಬೀಳುತ್ತಾ? ಗಡ್ಡೆಯಿರೋ ಭಾಗದ ಪೋರ್ಟಲ್ ಕವಲನ್ನ ಮೊದಲೇ ಮುಚ್ತಾರೆ. ಕೆಲವೇ ವಾರಗಳಲ್ಲಿ ಇನ್ನೊಂದು ಭಾಗ ದಪ್ಪ ಆಗುತ್ತೆ. ಎಂಥಾ ಜಾಣತನ ನೋಡಿ! ಆಮೇಲೆ ಆಪರೇಷನ್.

ಎಲ್ಲರಿಗೂ ಈ ಆಪರೇಷನ್ ಆಗಲ್ಲ. ಆದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕ್ಯಾನ್ಸರ್ ಮರಳುತ್ತೆ. ಕೆಲವರಿಗೆ ಮತ್ತೆ ತೆಗೀತಾರೆ. ಆದ್ರೂ ನೂರಕ್ಕೆ ಸುಮಾರು 40 ಮಂದಿ 5 ವರ್ಷ ದಾಟ್ತಾರೆ. ಯಾರಾದ್ರೂ 'ಆಗಲ್ಲ' ಅಂದಿದ್ರೆ, ಸ್ಕ್ಯಾನನ್ನ ಲಿವರ್ ಸರ್ಜನ್‌ಗೆ ಒಮ್ಮೆ ತೋರಿಸಿ.