ಬೀರ್‌ವಾದ ಮೊಸಳೆಗಳ ನಡುವೆ

ಬ್ರಿಸ್ಬೇನ್‌ನಿಂದ ಉತ್ತರಕ್ಕೆ ಗಂಟೆ ಹೊತ್ತು ಕಾರಿನಲ್ಲಿ ಸಾಗಿದರೆ ಬಯಲಿನ ನಡುವೆ ಒಂಟೊಂಟಿಯಾಗಿ ಎದ್ದು ನಿಂತ ಕಲ್ಲುಗುಡ್ಡಗಳು ಕಾಣುತ್ತವೆ. 1770ರಲ್ಲಿ ಹಡಗಿನಲ್ಲಿ ಹಾದುಹೋದ ಜೇಮ್ಸ್ ಕುಕ್ ಇವನ್ನು ಗ್ಲಾಸ್ ಹೌಸ್ ಮೌಂಟನ್ಸ್ ಎಂದು ಕರೆದ. ಈ ನೆಲದ ಮೂಲನಿವಾಸಿಗಳಿಗೆ ಅದಕ್ಕೂ ಬಹಳ ಹಿಂದಿನಿಂದ ಇವು ಒಂದೇ ಸಂಸಾರ: ಟಿಬ್ರೊಗಾರ್ಗನ್ ಅಪ್ಪ, ಬೀರ್‌ವಾ ಅಮ್ಮ, ಉಳಿದವು ಮಕ್ಕಳು. ಆ ಅಮ್ಮನ ಹೆಸರು ಹೊತ್ತ ಸಣ್ಣ ಊರಿಗೆ ಹೋಗುವ ರಸ್ತೆಗೆ ಈಗ ಸ್ಟೀವ್ ಇರ್ವಿನ್ ವೇ ಎಂದು ಹೆಸರು. ಆಸ್ಟ್ರೇಲಿಯಾ ಜೂ ಇರುವುದು ಈ ರಸ್ತೆಯ ಮೇಲೇ. ಬ್ರಿಸ್ಬೇನ್‌ನಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕಾಂಗರೂ, ಕೋಆಲಾ ತೋರಿಸಲು ಇಲ್ಲಿಗೆ ಕರೆತರುವುದುಂಟು. ನಾನು ಬಂದದ್ದು ಮಾತ್ರ ಮೊಸಳೆಗಳಿಗಾಗಿ. ಅವುಗಳ ಪರವಾಗಿ ಜಗತ್ತಿನ ಮುಂದೆ ಗಂಟಲು ಹರಿಯುವಂತೆ ಕೂಗಿ ಮಾತಾಡಿದ ಮನುಷ್ಯ, ಆ ರಸ್ತೆಯ ಹೆಸರಿನ ಸ್ಟೀವ್ ಇರ್ವಿನ್, ಬದುಕಿದ ಜಾಗವನ್ನೂ ನೋಡಬೇಕಿತ್ತು.

ಒಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ಬೋನಿನಲ್ಲಿಲ್ಲದ ಪ್ರಾಣಿ. ಕಾಲುದಾರಿಯ ಅಂಚಿನಲ್ಲಿ ವಾಟರ್ ಡ್ರ್ಯಾಗನ್ ಎಂಬ ದೊಡ್ಡ ಓತಿಕ್ಯಾತಗಳು ಬೆನ್ನ ಮೇಲಿನ ಮುಳ್ಳುಸಾಲನ್ನು ಬಿಸಿಲಿಗೊಡ್ಡಿ ಮಲಗಿರುತ್ತವೆ. ಇವು ಈ ಸೀಮೆಯ ಕಾಡುಜೀವಿಗಳು, ಮೃಗಾಲಯ ತಮ್ಮದೇ ಎಂಬಂತೆ ಓಡಾಡಿಕೊಂಡಿವೆ. ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಸಿಬ್ಬಂದಿಯದೆಲ್ಲ ಖಾಕಿ ಅಂಗಿ, ಖಾಕಿ ಚಡ್ಡಿ.

ಸ್ಟೀವ್ ತೀರಿಕೊಂಡ 2006ರ ಸೆಪ್ಟೆಂಬರ್‌ನಲ್ಲಿ ಈ ಖಾಕಿಯೇ ಇಲ್ಲಿಯ ಹೊರಬೇಲಿಯನ್ನು ಮುಚ್ಚಿಬಿಟ್ಟಿತ್ತು. ಹೂಗುಚ್ಛಗಳ ಜೊತೆಗೆ ಜನ ಖಾಕಿ ಅಂಗಿಗಳನ್ನು ತಂದು, ಅವುಗಳ ಮೇಲೆ ನಾಲ್ಕು ಮಾತು ಬರೆದು ತೂಗುಹಾಕಿ ಹೋದರು. ಹಾವು, ಹಲ್ಲಿ, ಆಮೆಗಳನ್ನು ಪ್ರೀತಿಸುವವರ ದುಃಖ ಉಳಿದವರದಕ್ಕಿಂತ ಬೇರೆಯದೇ ಆಗಿತ್ತು. ಹುಲಿಗೆ, ಆನೆಗೆ, ಡಾಲ್ಫಿನ್‌ಗೆ ವಕೀಲರು ಬಹಳ. ಕಂಡಲ್ಲೇ ಹೊಡೆದು ಹಾಕುವ ಜೀವಿಗಳ ಪರವಾಗಿ ಟಿವಿಯಲ್ಲಿ ನಿಂತು ‘ಎಂಥಾ ಚೆಲುವೆ ನೋಡಿ’ ಎಂದು ವಿಷದ ಹಾವನ್ನು ಮೆಚ್ಚುವವನು ಅವರಿಗೆ ಒಬ್ಬನೇ ಇದ್ದ. ನೆರೆಹೊರೆಯವರು ಹುಚ್ಚರೆಂದು ಕರೆದಿದ್ದ ಈ ಜನಕ್ಕೆ, ತಮ್ಮದು ಹುಚ್ಚಲ್ಲ ಎಂದು ಮೊದಲು ಅನ್ನಿಸಿದ್ದೇ ಅವನನ್ನು ನೋಡಿ.

ಮೊಸಳೆ ಕೊಳಗಳ ಸಾಲು ಈ ಜಾಗದ ಹಳೆಯ ಎದೆಗೂಡು. ಕೊಳಾಯಿ ಕೆಲಸದ ಬಾಬ್ ಇರ್ವಿನ್, ಹೆರಿಗೆ ದಾದಿಯಾಗಿದ್ದ ಲಿನ್, ಇಬ್ಬರೂ ವಿಕ್ಟೋರಿಯಾ ಬಿಟ್ಟು ಇಲ್ಲಿಗೆ ಬಂದು 1970ರಲ್ಲಿ ಬೀರ್‌ವಾ ರೆಪ್ಟೈಲ್ ಪಾರ್ಕ್ ತೆರೆದಾಗ ಇದ್ದದ್ದು ಕೆಲವೇ ಎಕರೆ. ಮಗ ಸ್ಟೀವ್ ಹುಟ್ಟಿದ್ದು 1962ರ ಫೆಬ್ರವರಿ 22ರಂದು. ಆರನೇ ಹುಟ್ಟುಹಬ್ಬಕ್ಕೆ ಹೆಬ್ಬಾವನ್ನು ಉಡುಗೊರೆಯಾಗಿ ಪಡೆದ ಹುಡುಗ, ಒಂಬತ್ತರಲ್ಲಿ ಅಪ್ಪನ ಕಣ್ಗಾವಲಿನಲ್ಲಿ ಮೊದಲ ಮೊಸಳೆ ಹಿಡಿದ. ಆಗ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಚರ್ಮಕ್ಕಾಗಿ ಮೊಸಳೆ ಬೇಟೆ ನಡೆದೇ ಇತ್ತು. ಉಪ್ಪುನೀರಿನ ಮೊಸಳೆಗೆ ಇಲ್ಲಿ ಕಾನೂನಿನ ರಕ್ಷಣೆ ಸಿಕ್ಕಿದ್ದು 1974ರಲ್ಲಿ. ಬೇಟೆ ನಿಂತರೂ ಭಯ ನಿಲ್ಲಲಿಲ್ಲ. ಜನವಸತಿಯ ಹತ್ತಿರ ಬಂದ ದೊಡ್ಡ ಮೊಸಳೆಗೆ ಗುಂಡೇ ಗತಿ. ಎಂಬತ್ತರ ದಶಕದಲ್ಲಿ ಅಪ್ಪ ಮಗ ಸರ್ಕಾರದ ಮೊಸಳೆ ನಿರ್ವಹಣೆ ಯೋಜನೆಗೆ ಸೇರಿ, ಅಂಥವನ್ನು ಜೀವಂತ ಹಿಡಿದು ತಂದರು. ಸ್ಟೀವ್ ತನ್ನ ನಾಯಿ ಸೂಯಿಯೊಂದಿಗೆ ತಿಂಗಳುಗಟ್ಟಲೆ ಕಾಂಡ್ಲಾ ಕಾಡಿನ ನದಿಗಳಲ್ಲಿ ಒಬ್ಬನೇ ಇರುತ್ತಿದ್ದ. ಮುಂದೆ ಮಗಳು ಹುಟ್ಟಿದಾಗ ಬಿಂಡಿ ಸೂ ಎಂದು ಹೆಸರಿಟ್ಟ. ಬಿಂಡಿ ಅವನ ಮೆಚ್ಚಿನ ಹೆಣ್ಣು ಮೊಸಳೆ, ಸೂ ಆ ನಾಯಿಯ ನೆನಪು.

ಕೊಳದ ಬೇಲಿಗೊರಗಿ ನಿಂತರೆ ನೀರಿನಲ್ಲಿ ಎರಡು ಕಣ್ಣು, ಒಂದು ಮೂಗು. ಅಷ್ಟೇ. ಪಕ್ಕದಲ್ಲಿದ್ದ ಮಗು ‘ಇದು ಬೊಂಬೆಯಾ?’ ಎಂದು ಕೇಳಿತು. ಪ್ರಾಣಿಪಾಲಕ ಮಾಂಸದ ತುಂಡು ಹಿಡಿದು ದಡದಲ್ಲಿ ನಿಂತಾಗ ಆ ಬೊಂಬೆ ಅಷ್ಟೂ ಮೈಯನ್ನು ನೀರಿನಿಂದ ಹೊರಗೆ ಎಸೆಯಿತು. ದವಡೆ ಮುಚ್ಚಿದ ಸದ್ದು ಎದೆಗೆ ಬಡಿಯಿತು. ಇಂಥದೇ ಒಂದು ಮೊಸಳೆ, ಗ್ರಹಾಂ, 2001ರ ಪ್ರವಾಹದ ರಾತ್ರಿ ಇಲ್ಲಿಯ ಸಿಬ್ಬಂದಿ ವೆಸ್ ಮ್ಯಾನಿಯನ್ ಅವರ ಕಾಲು ಹಿಡಿದಿತ್ತು. ಸ್ಟೀವ್ ಮುನ್ನುಗ್ಗಿ ಗೆಳೆಯನನ್ನು ಬಿಡಿಸಿಕೊಂಡ. ನನಗೆ ಮುಖ್ಯವೆನ್ನಿಸುವುದು ಆಮೇಲಿನದು: ಗ್ರಹಾಂಗೆ ಯಾರೂ ಗುಂಡು ಹಾರಿಸಲಿಲ್ಲ. ಅದು ತನ್ನ ಕೊಳದಲ್ಲೇ ಉಳಿಯಿತು. ತನ್ನ ಜಾಗಕ್ಕೆ ಬಂದವರನ್ನು ಮೊಸಳೆ ಹಿಡಿದರೆ ಅದು ಮೊಸಳೆಯ ತಪ್ಪಲ್ಲ ಎಂಬುದು ಈ ಮನೆಯ ಕಟ್ಟಳೆ.

2006ರ ಸೆಪ್ಟೆಂಬರ್ 4ರಂದು ಆ ಕಟ್ಟಳೆಗೆ ಕಠಿಣ ಪರೀಕ್ಷೆ ಬಂತು. ಪೋರ್ಟ್ ಡಗ್ಲಸ್ ಆಚೆಯ ಬ್ಯಾಟ್ ರೀಫ್‌ನಲ್ಲಿ ಸಮುದ್ರದ ಅಪಾಯಕಾರಿ ಜೀವಿಗಳ ಚಿತ್ರೀಕರಣ ನಡೆದಿತ್ತು. ಹವಾಮಾನ ಕೆಟ್ಟಿದ್ದರಿಂದ ಮುಖ್ಯ ಕೆಲಸ ನಿಂತು, ಮಗಳ ಕಾರ್ಯಕ್ರಮಕ್ಕೆ ಒಂದಷ್ಟು ದೃಶ್ಯ ತೆಗೆಯೋಣವೆಂದು ಸ್ಟೀವ್ ನೀರಿಗಿಳಿದ. ಎದೆಮಟ್ಟದ ನೀರು, ಅದರಲ್ಲೊಂದು ಭಾರೀ ಸ್ಟಿಂಗ್‌ರೇ. ನಮ್ಮ ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನಿನ ಬಳಗ ಅದು. ಬಾಲದ ಮೇಲಿನ ಗರಗಸದಂಥ ಮುಳ್ಳನ್ನು ಅದು ಬೇಟೆಗೆ ಬಳಸುವುದಿಲ್ಲ. ಅಪಾಯವೆನಿಸಿದರೆ ಬೀಸುತ್ತದೆ, ಅಷ್ಟೇ. ಆ ಮುಳ್ಳು ಎದೆಗೆ ಇಳಿಯಿತು. ವಯಸ್ಸು 44. ಸಾವಿನ ಚಿತ್ರೀಕರಣದ ಪ್ರತಿಗಳನ್ನು ನಾಶಪಡಿಸಿ, ಮೂಲವನ್ನು ಕುಟುಂಬಕ್ಕೆ ಒಪ್ಪಿಸಲಾಯಿತು. ಅದು ಸರಿಯಾದ ನಿರ್ಧಾರ. ಜೀವಮಾನವೆಲ್ಲ ಕ್ಯಾಮೆರಾದ ಮುಂದೆ ಇದ್ದವನಿಗೂ ಸಾವು ಸ್ವಂತದ್ದು.

ಮೃಗಾಲಯದ ನಡುವೆ ಕ್ರೊಕೊಸಿಯಂ ಇದೆ, ಐದು ಸಾವಿರ ಜನ ಕೂರುವ ಬಯಲು ರಂಗ. ನಾನು ಕುಳಿತಾಗ ತಲೆಯ ಮೇಲಿಂದ ಹಕ್ಕಿಗಳ ಹಿಂಡು ಹಾರಿತು, ಬಳಿಕ ಮೊಸಳೆಯ ಪ್ರವೇಶ. ಸೆಪ್ಟೆಂಬರ್ 20ರ ಶ್ರದ್ಧಾಂಜಲಿ ಸಭೆ ನಡೆದದ್ದು ಇಲ್ಲೇ. ಸರ್ಕಾರಿ ಗೌರವದ ಅಂತ್ಯಕ್ರಿಯೆ ಬೇಡ, ಮಗ ಸಾಮಾನ್ಯ ಮನುಷ್ಯನಾಗಿಯೇ ಇದ್ದ ಎಂದು ಬಾಬ್ ಹೇಳಿದ್ದರು. ಪ್ರಧಾನಿ ಜಾನ್ ಹೋವರ್ಡ್ ಬಂದಿದ್ದರು. ಎಂಟು ವರ್ಷದ ಬಿಂಡಿ ತಾನೇ ಬರೆದದ್ದನ್ನು ಅಳುಕಿಲ್ಲದೆ ಓದಿದಳು, ರಂಗವೆಲ್ಲ ಎದ್ದು ನಿಂತಿತು. ಕೊನೆಗೆ ಸ್ಟೀವ್‌ನ ಹಾಸಿಗೆಸುರುಳಿ, ಸರ್ಫ್‌ಬೋರ್ಡ್ ಹೇರಿದ ಟ್ರಕ್ ಹೊರಟುಹೋಯಿತು. ಸಿಬ್ಬಂದಿ ಹಳದಿ ಹೂಗಳಲ್ಲಿ ‘ಕ್ರೈಕಿ’ ಎಂದು ಅವನ ಉದ್ಗಾರವನ್ನೇ ನೆಲದ ಮೇಲೆ ಬರೆದರು.

ಉರಗಪ್ರಿಯರೆಲ್ಲ ಅವನನ್ನು ಒಪ್ಪಿದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ವಿಷದ ಹಾವನ್ನು ಬಾಲ ಹಿಡಿದು ಎತ್ತುವುದನ್ನು ಮಕ್ಕಳು ಅನುಕರಿಸಿಯಾರು ಎಂಬ ಆತಂಕ ತಿಳಿದವರಿಗಿತ್ತು. 2004ರಲ್ಲಿ ಒಂದು ತಿಂಗಳ ಮಗ ರಾಬರ್ಟ್‌ನನ್ನು ಕಂಕುಳಲ್ಲಿಟ್ಟುಕೊಂಡೇ ಮೊಸಳೆಗೆ ಕೋಳಿ ತಿನ್ನಿಸಿದಾಗ ಎದ್ದ ಟೀಕೆಯೂ ನ್ಯಾಯವಾದದ್ದೇ. ಆದರೆ ಸತ್ತ ಸುದ್ದಿ ಬಂದಾಗ ಈ ಟೀಕಾಕಾರರಲ್ಲೂ ಅನೇಕರು ಅತ್ತರು. ಅವನ ಗದ್ದಲದ ಹಿಂದೆ ಪ್ರಾಣಿಯ ಬಗ್ಗೆ ತಪ್ಪದ ಗಮನವಿತ್ತೆಂದು ಅವರಿಗೆ ಗೊತ್ತಿತ್ತು. ಬರ್ಡೆಕಿನ್ ನದಿಯಲ್ಲಿ ಅಪ್ಪ ಮಗ ಕಂಡ ಅಪರಿಚಿತ ಆಮೆಗೆ 1997ರಲ್ಲಿ ‘ಎಲ್ಸಿಯಾ ಇರ್ವಿನಿ’ ಎಂದು ವಿಜ್ಞಾನ ಹೆಸರಿಟ್ಟಿತ್ತು.

ಆ ಸಾವಿನ ಮರುವಾರದಲ್ಲಿ ಕ್ವೀನ್ಸ್‌ಲ್ಯಾಂಡ್ ಕಡಲ ದಂಡೆಗಳಲ್ಲಿ ಕನಿಷ್ಠ 10 ಸ್ಟಿಂಗ್‌ರೇಗಳು ಸತ್ತು ಬಿದ್ದಿದ್ದವು, ಕೆಲವಕ್ಕೆ ಬಾಲವೇ ಇರಲಿಲ್ಲ. ಅಭಿಮಾನಿಗಳ ಸೇಡು ಇರಬಹುದೆಂದು ಪತ್ರಿಕೆಗಳು ಬರೆದವು. ಸ್ಟೀವ್ ಮತ್ತು ಪತ್ನಿ ಟೆರ್ರಿ 2002ರಲ್ಲಿ ಕಟ್ಟಿದ್ದ ವೈಲ್ಡ್‌ಲೈಫ್ ವಾರಿಯರ್ಸ್ ಸಂಸ್ಥೆ ಕೂಡಲೇ ಇದನ್ನು ಖಂಡಿಸಿತು. ಆ ಕೊಲೆಗಳ ವರದಿ ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಅವನು ವರ್ಷಗಟ್ಟಲೆ ಕೂಗಿ ಹೇಳಿದ್ದು ಒಂದೇ ಮಾತು, ಪ್ರಾಣಿಯ ಮೇಲೆ ಹಗೆ ಸಾಧಿಸಬೇಡಿ ಎಂದು. ನಿಜವಾಗಿ ಶೋಕಿಸಿದವರು ತೊರಕೆಯನ್ನು ಕ್ಷಮಿಸಿದವರೂ ಅಲ್ಲ. ಅದು ತಪ್ಪು ಮಾಡಿದೆ ಎಂದೇ ಅವರು ಭಾವಿಸಲಿಲ್ಲ, ಹಾಗಾಗಿ ಕ್ಷಮಿಸಲು ಏನೂ ಇರಲಿಲ್ಲ.

ಅವನು ಸತ್ತ ಮರುವರ್ಷ ಪ್ಲಾಸ್ ಒನ್ ಪತ್ರಿಕೆಯಲ್ಲಿ ಒಂದು ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಕುತ್ತಿಗೆಯ ಮೇಲೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿದ ಮೊಸಳೆಗಳನ್ನು ಸಂಶೋಧಕರು ಹೆಲಿಕಾಪ್ಟರ್‌ನಲ್ಲಿ ದೂರ ಒಯ್ದು ಬಿಟ್ಟಿದ್ದರು. ಕೇಪ್ ಯಾರ್ಕ್‌ನ ಪಶ್ಚಿಮ ತೀರದಿಂದ ಪೂರ್ವ ತೀರಕ್ಕೆ ಸಾಗಿಸಿದ್ದ ಒಂದು ಗಂಡು, ಕೆಲ ತಿಂಗಳು ಅಲ್ಲೇ ಇದ್ದು, ಒಂದು ದಿನ ಹೊರಟು 400 ಕಿಲೋಮೀಟರಿಗೂ ಹೆಚ್ಚು ದೂರವನ್ನು 20 ದಿನಗಳಲ್ಲಿ ಈಜಿ, ಭೂಶಿರ ಸುತ್ತಿ ತನ್ನ ನದಿಗೇ ಬಂದು ಸೇರಿತ್ತು. ತೊಂದರೆಯ ಮೊಸಳೆಯನ್ನು ಬೇರೆಡೆ ಬಿಟ್ಟರೆ ಸಮಸ್ಯೆ ತೀರುವುದಿಲ್ಲ ಎಂಬುದು ಖಚಿತವಾಯಿತು. ಲೇಖಕರ ಪಟ್ಟಿಯಲ್ಲಿ ಸ್ಟೀವ್ ಇರ್ವಿನ್ ಹೆಸರಿದೆ. ವೆನ್‌ಲಾಕ್ ನದಿಯ ದಂಡೆಯಲ್ಲಿ ಅವನ ಹೆಸರಿನ 1,35,000 ಹೆಕ್ಟೇರ್ ಕಾಡಿದೆ. ಬಾಕ್ಸೈಟ್ ಗಣಿಯ ಬೆದರಿಕೆಯ ವಿರುದ್ಧ ಟೆರ್ರಿ ವರ್ಷಗಟ್ಟಲೆ ಹೋರಾಡಿದ ಕಾಡು ಅದು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರ ಜೊತೆ ಮೊಸಳೆ ಹಿಡಿದು ಗುರುತು ಕಟ್ಟುವ ಕೆಲಸ ಅಲ್ಲಿ ಮುಂದುವರಿದಿದೆ.

ಕೊನೆಗೆ ಹೋದದ್ದು ವನ್ಯಜೀವಿ ಆಸ್ಪತ್ರೆಗೆ. 2000ದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಲಿನ್ ನೆನಪಿಗೆ 2004ರಲ್ಲಿ, ಬಳಸದೆ ಬಿದ್ದಿದ್ದ ಬೆಣ್ಣೆಹಣ್ಣಿನ ಪ್ಯಾಕಿಂಗ್ ಶೆಡ್‌ನಲ್ಲಿ ಶುರುವಾದದ್ದು. ಈಗಿನ ಕಟ್ಟಡ 2008ರದು. ಗಾಜಿನಾಚೆ ವೈದ್ಯರು ಕಾರಿಗೆ ಸಿಕ್ಕ ಕೋಆಲಾದ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಅಷ್ಟರಲ್ಲಿ ಮಣ್ಣು ಮೆತ್ತಿದ ಬೂಟಿನ ರೈತನೊಬ್ಬ ದಿಂಬಿನ ಚೀಲ ಹಿಡಿದು ಒಳಬಂದ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಗಾಯಗೊಂಡ ಕಾರ್ಪೆಟ್ ಹೆಬ್ಬಾವು ಚೀಲದಲ್ಲಿತ್ತು. ಕೌಂಟರಿನ ಹುಡುಗಿ ಚೀಟಿ ತುಂಬುತ್ತ, ಸಿಕ್ಕಿದ ಜಾಗ ಸರಿಯಾಗಿ ಹೇಳಿ, ವಾಸಿಯಾದ ಮೇಲೆ ಅಲ್ಲೇ ಬಿಡಬೇಕು ಎಂದಳು.

‘ನಮ್ಮ ಕೋಳಿಗೂಡಿನ ಹಿಂದೆ,’ ಎಂದ ಆತ. ‘ಮೊಟ್ಟೆ ತಿನ್ನುತ್ತೆ. ಪರವಾಗಿಲ್ಲ, ಅಲ್ಲೇ ಬಿಡಿ. ಇಲಿ ಕಾಟ ಕಡಿಮೆಯಾಗಿತ್ತು.’